ಮಾಡ್ಯೂಲ್ ಹಲವು, ಕಟ್ಟುವ ಕಟ್ಟಳೆ ಒಂದೇ ಇರಲಿ

2025ರ ಸೆಪ್ಟೆಂಬರ್ 3ರಂದು ಸರಕು ಮತ್ತು ಸೇವಾ ತೆರಿಗೆ ಮಂಡಳಿಯು ತನ್ನ 56ನೆಯ ಸಭೆಯಲ್ಲಿ ತೆರಿಗೆ ದರಗಳ ಪುನರ್‌ರಚನೆಗೆ ಒಪ್ಪಿಗೆ ನೀಡಿತು. ಶೇಕಡಾ 12 ಮತ್ತು 28ರ ಹಂತಗಳಲ್ಲಿದ್ದ ಬಹುಪಾಲು ಸರಕುಗಳು ಶೇಕಡಾ 5 ಮತ್ತು 18ರ ಹಂತಗಳಿಗೆ ಸರಿದವು. ಹೊಸ ದರಗಳು ಸೆಪ್ಟೆಂಬರ್ 22ರಿಂದ ಜಾರಿಗೆ ಬಂದವು. ತೀರ್ಮಾನಕ್ಕೂ ಜಾರಿಗೂ ನಡುವೆ ದೊರೆತ ಕಾಲಾವಕಾಶ 19 ದಿನ ಮಾತ್ರ. ಆ ದಿನಗಳಲ್ಲಿ ವರ್ತಕರ ಗಮನವೆಲ್ಲ ಹಳೆಯ ದಾಸ್ತಾನು, ಮುದ್ರಿತ ಬೆಲೆ ಮತ್ತು ಮುಂಗಡ ಬೇಡಿಕೆಗಳ ಮೇಲೆ ನೆಟ್ಟಿದ್ದುದು ಸಹಜವೇ. ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯೂ ಇತ್ತು. ಅಂಗಡಿಯ ಮೇಜಿನ ಮೇಲಿರುವ ಗಣಕಯಂತ್ರದೊಳಗಿನ ತಂತ್ರಾಂಶ 22ರ ಬೆಳಿಗ್ಗೆಯ ಮೊದಲ ಬಿಲ್ಲಿಗೆ ಸಿದ್ಧವಾಗಿದೆಯೇ?

ವ್ಯಾಪಾರಕ್ಕಾಗಿ ಬಳಸುವ ತಂತ್ರಾಂಶವು ಸಾಮಾನ್ಯವಾಗಿ ಒಂದೇ ಮುದ್ದೆಯಾಗಿರುವುದಿಲ್ಲ. ಬಿಲ್ಲಿಂಗ್, ದಾಸ್ತಾನು, ಖರೀದಿ, ಲೆಕ್ಕಪತ್ರ, ಸಂಬಳ, ತೆರಿಗೆ ವಿವರ ಸಲ್ಲಿಕೆ ಎಂದು ಅದು ಹಲವು ಮಾಡ್ಯೂಲ್‌ಗಳಾಗಿ ವಿಂಗಡಣೆಗೊಂಡಿರುತ್ತದೆ. ದರಪಟ್ಟಿಯನ್ನು ತಿದ್ದುವ ಕೆಲಸ ತಂತ್ರಾಂಶ ರಚಿಸುವವರಿಗೆ ದೊಡ್ಡದೇನಲ್ಲ. ಆದರೆ ತಿದ್ದಿದ ಮೇಲೆ ಅದಕ್ಕೆ ಸಂಬಂಧಿಸಿದ ಪ್ರತಿಯೊಂದು ಮಾಡ್ಯೂಲನ್ನೂ ಹೊಸದಾಗಿ ಕಟ್ಟಿ, ಪರೀಕ್ಷಿಸಿ, ಪ್ಯಾಕ್ ಮಾಡಿ, ಗ್ರಾಹಕರೆಲ್ಲರಿಗೂ ತಲುಪಿಸಬೇಕು. ಒಂದೊಂದು ಮಾಡ್ಯೂಲನ್ನು ಒಂದೊಂದು ರೀತಿಯಲ್ಲಿ ಕಟ್ಟುವ ಪದ್ಧತಿಯಿದ್ದರೆ ಗಂಟೆಗಳಲ್ಲಿ ಮುಗಿಯಬೇಕಾದ ಕೆಲಸ ದಿನಗಟ್ಟಲೆ ಎಳೆಯುತ್ತದೆ. ದಾಸ್ತಾನಿನ ಮಾಡ್ಯೂಲಿಗೆ ಹೊಸ ದರಪಟ್ಟಿ ಬಂದು, ಬಿಲ್ಲಿಂಗ್ ಮಾಡ್ಯೂಲಿನಲ್ಲಿ ಹಳೆಯದೇ ಉಳಿದುಬಿಟ್ಟರೆ ಬಿಲ್ಲಿನಲ್ಲಿ ಒಂದು ದರ, ಲೆಕ್ಕದಲ್ಲಿ ಇನ್ನೊಂದು ದರ ಎಂಬ ಸ್ಥಿತಿ ಉಂಟಾಗುತ್ತದೆ. ಇಲಾಖೆಯ ನೋಟೀಸು ಬರುವುದು ತಂತ್ರಾಂಶ ಬರೆದವರಿಗಲ್ಲ, ಬಿಲ್ಲಿಗೆ ಸಹಿ ಹಾಕಿದ ವರ್ತಕನಿಗೆ.

ಆದುದರಿಂದ ಹಲವು ಮಾಡ್ಯೂಲ್‌ಗಳ ತಂತ್ರಾಂಶದಲ್ಲಿ ಕಟ್ಟುವ ಮತ್ತು ಪ್ಯಾಕ್ ಮಾಡುವ ನಿಯಮಗಳು ಒಂದೇ ಕಡೆ ಇರಬೇಕೆಂಬುದು ಕೇವಲ ತಂತ್ರಜ್ಞರ ಒಳಮನೆಯ ವಿಚಾರವಲ್ಲ. ಹಣ ಕೊಟ್ಟು ತಂತ್ರಾಂಶ ಕೊಳ್ಳುವ ಉದ್ಯಮಿಯೂ ಕೇಳಿ ತಿಳಿಯಬೇಕಾದ ವಿಚಾರ.

ಕಟ್ಟುವುದು ಎಂದರೇನು?

ತಂತ್ರಾಂಶವನ್ನು ಬರೆಯುವುದು ಒಂದು ಕೆಲಸ. ಬರೆದುದನ್ನು ಗ್ರಾಹಕನ ಯಂತ್ರದಲ್ಲಿ ನಡೆಯುವ ಸರಕಾಗಿ ಸಿದ್ಧಗೊಳಿಸುವುದು ಬೇರೆಯೇ ಕೆಲಸ. ಈ ಎರಡನೆಯದನ್ನು ತಂತ್ರಜ್ಞರು ಬಿಲ್ಡ್ ಮತ್ತು ಪ್ಯಾಕೇಜಿಂಗ್ ಎಂದು ಕರೆಯುತ್ತಾರೆ. ಸೋರ್ಸ್ ಕೋಡ್ ಎಂಬ ಮೂಲ ಬರಹವನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಪರಿವರ್ತಿಸಬೇಕು. ಅದಕ್ಕೆ ಬೇಕಾದ, ಬೇರೆಯವರು ರಚಿಸಿದ ಲೈಬ್ರರಿಗಳನ್ನು ಸರಿಯಾದ ಆವೃತ್ತಿ ನೋಡಿ ಜೋಡಿಸಬೇಕು. ತಂತ್ರಾಂಶವನ್ನು ಚಾಲನೆಗೊಳಿಸುವ ಕಡತ, ಸೆಟ್ಟಿಂಗ್ ಕಡತಗಳು, ಪರವಾನಗಿ ಪತ್ರ ಮತ್ತು ಬಳಕೆಯ ಕೈಪಿಡಿಯನ್ನು ಗೊತ್ತಾದ ಫೋಲ್ಡರುಗಳಲ್ಲಿ ಇರಿಸಬೇಕು. ಕೊನೆಗೆ ಎಲ್ಲವನ್ನೂ ಒಂದು ಜಿಪ್ ಕಟ್ಟಾಗಿ ಮಾಡಿ, ಹೆಸರು ಮತ್ತು ಆವೃತ್ತಿ ಸಂಖ್ಯೆಯನ್ನು ನಮೂದಿಸಬೇಕು. ಈ ಹೆಜ್ಜೆಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟರೆ ಗಣಕಯಂತ್ರವೇ ಅವನ್ನು ಕ್ರಮವಾಗಿ ನೆರವೇರಿಸುತ್ತದೆ. ಇಂಥ ಕಡತವೇ ಇಲ್ಲಿ ಚರ್ಚೆಯ ವಸ್ತು.

ಪೊಟ್ಟಣ ಕಟ್ಟಿ ಮಾರುವ ಸರಕಿನ ಮೇಲೆ ತಯಾರಕರ ಹೆಸರು, ವಿಳಾಸ, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಮುಂತಾದ ವಿವರಗಳಿರಬೇಕೆಂದು ಪೊಟ್ಟಣ ಸರಕುಗಳಿಗೆ ಸಂಬಂಧಿಸಿದ 2011ರ ಕಾನೂನು ಮಾಪನ ನಿಯಮಗಳು ವಿಧಿಸುತ್ತವೆ. ಹತ್ತು ಬಗೆಯ ಸರಕು ತಯಾರಿಸುವ ಮಾಲೀಕನು ಲೇಬಲ್ಲಿನಲ್ಲಿ ಏನಿರಬೇಕೆಂಬುದನ್ನು ಪ್ಯಾಕಿಂಗ್ ವಿಭಾಗದ ಹತ್ತು ಮಂದಿಯ ಇಷ್ಟಕ್ಕೆ ಬಿಡುವುದಿಲ್ಲ. ಒಂದು ಮಾದರಿ ಸಿದ್ಧಪಡಿಸಿ ಎಲ್ಲರಿಗೂ ಅದನ್ನೇ ಕೊಡುತ್ತಾನೆ. ಆದರೆ ಅದೇ ಮಾಲೀಕನು ಕೊಳ್ಳುವ ತಂತ್ರಾಂಶದಲ್ಲಿ ಹತ್ತು ಮಾಡ್ಯೂಲ್‌ಗಳನ್ನು ಹತ್ತು ರೀತಿಯಲ್ಲಿ ಕಟ್ಟಿರಬಹುದು. ಅದು ಹೊರಗಿನಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ನಕಲಿನಿಂದ ಹುಟ್ಟುವ ತೊಡಕು

ಈ ಸ್ಥಿತಿ ಯಾರ ದುರುದ್ದೇಶದಿಂದಲೂ ಬರುವುದಿಲ್ಲ. ಸಂಸ್ಥೆಯೊಂದು ಮೊದಲು ಬಿಲ್ಲಿಂಗ್ ತಂತ್ರಾಂಶವನ್ನಷ್ಟೇ ರಚಿಸುತ್ತದೆ. ವರ್ಷದ ನಂತರ ಗ್ರಾಹಕರು ದಾಸ್ತಾನಿನ ಮಾಡ್ಯೂಲ್ ಬೇಕೆನ್ನುತ್ತಾರೆ. ಆಗ ಹಳೆಯ ಮಾಡ್ಯೂಲಿನ ಬಿಲ್ಡ್ ಕಡತವನ್ನೇ ನಕಲು ಮಾಡಿ, ಹೆಸರು ಬದಲಿಸಿ ಬಳಸಲಾಗುತ್ತದೆ. ಮೂರನೆಯದಕ್ಕೆ ಎರಡನೆಯದರ ನಕಲು, ನಾಲ್ಕನೆಯದಕ್ಕೆ ಮೂರನೆಯದರ ನಕಲು. ಈ ನಡುವೆ ಒಬ್ಬರು ಒಂದು ಕಡತದಲ್ಲಿ ಲೈಬ್ರರಿಯ ಆವೃತ್ತಿ ಬದಲಿಸುತ್ತಾರೆ. ಇನ್ನೊಬ್ಬರು ಮತ್ತೊಂದರಲ್ಲಿ ಫೋಲ್ಡರಿನ ಹೆಸರು ಬದಲಿಸುತ್ತಾರೆ. ಐದು ವರ್ಷ ಕಳೆಯುವಷ್ಟರಲ್ಲಿ ಎಂಟು ಕಡತಗಳಿರುತ್ತವೆ. ಮೇಲ್ನೋಟಕ್ಕೆ ಎಲ್ಲವೂ ಒಂದೇ ತೆರ, ಒಳಗೆ ಒಂದೂ ಇನ್ನೊಂದರಂತಿಲ್ಲ. ಯಾವ ವ್ಯತ್ಯಾಸ ಬೇಕೆಂದೇ ಮಾಡಿದ್ದು, ಯಾವುದು ಕಣ್ತಪ್ಪಿನಿಂದ ಆದದ್ದು ಎಂದು ಹೇಳಬಲ್ಲವರು ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿರುತ್ತಾರೆ.

ಲೇತ್ ಯಂತ್ರಗಳ ನಡುವೆ ಬದುಕು ಕಟ್ಟಿಕೊಂಡ ಸಣ್ಣ ಉದ್ಯಮಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಿಡಿಭಾಗವೊಂದರ ಡ್ರಾಯಿಂಗನ್ನು ಜೆರಾಕ್ಸ್ ಮಾಡಿ ಆರು ಯಂತ್ರಗಳಿಗೆ ಅಂಟಿಸಲಾಗಿದೆ ಎಂದಿಟ್ಟುಕೊಳ್ಳೋಣ. ಗ್ರಾಹಕ ಕಂಪನಿ ಒಂದು ಅಳತೆಯನ್ನು ಬದಲಿಸಿ ಹೊಸ ರಿವಿಷನ್ ಕಳುಹಿಸುತ್ತದೆ. ಐದು ಯಂತ್ರಗಳ ಮೇಲಿನ ಹಾಳೆ ಬದಲಾಗುತ್ತದೆ, ಆರನೆಯದು ಮರೆತುಹೋಗುತ್ತದೆ. ಆ ಯಂತ್ರದಿಂದ ಹೊರಬಂದ ಮಾಲೆಲ್ಲ ತಿರಸ್ಕೃತವಾಗುತ್ತದೆ. ಈ ಕಾರಣಕ್ಕಾಗಿಯೇ ಒಳ್ಳೆಯ ಕಾರ್ಖಾನೆಗಳಲ್ಲಿ ಮೂಲ ಡ್ರಾಯಿಂಗ್ ಒಂದೇ ಕಡೆ ಇರುತ್ತದೆ. ಅದಕ್ಕೆ ರಿವಿಷನ್ ಸಂಖ್ಯೆ ಇರುತ್ತದೆ. ಹಳೆಯ ಪ್ರತಿಗಳನ್ನು ಹಿಂದಕ್ಕೆ ಪಡೆಯುವ ಜವಾಬ್ದಾರಿ ಒಬ್ಬರ ಮೇಲಿರುತ್ತದೆ. ತಂತ್ರಾಂಶದ ಬಿಲ್ಡ್ ಕಡತವೂ ಒಂದು ಡ್ರಾಯಿಂಗೇ. ಅದಕ್ಕೂ ಇದೇ ಶಿಸ್ತು ಬೇಕು.

ಮೇವನ್ ತೋರಿಸಿದ ದಾರಿ

ತಂತ್ರಾಂಶ ಕ್ಷೇತ್ರಕ್ಕೆ ಈ ಅರಿವು ಒಮ್ಮೆಲೇ ಬರಲಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ರಚಿಸಿದ ಮೇಕ್ ಎಂಬ ಸಾಧನವು ಬಿಲ್ಡ್ ಕೆಲಸವನ್ನು ಯಂತ್ರಕ್ಕೆ ವಹಿಸುವುದನ್ನು ರೂಢಿಗೆ ತಂದಿತು. ಜಾವಾ ಭಾಷೆ ಬಳಕೆಗೆ ಬಂದ ಬಳಿಕ, 2000ದಲ್ಲಿ ಆಂಟ್ ಎಂಬ ಸಾಧನ ಸ್ವತಂತ್ರವಾಗಿ ಬಿಡುಗಡೆಯಾಗಿ ಜನಪ್ರಿಯವಾಯಿತು. ಆದರೆ ಆಂಟ್ ಪ್ರತಿಯೊಂದು ತಂಡಕ್ಕೂ ತನ್ನದೇ ರೀತಿಯಲ್ಲಿ ಕಡತ ಬರೆದುಕೊಳ್ಳುವ ಪೂರ್ಣ ಸ್ವಾತಂತ್ರ್ಯ ನೀಡಿತು. ಅಪಾಚೆ ಸಂಸ್ಥೆಯ ಜಕಾರ್ತಾ ಟರ್ಬೈನ್ ಎಂಬ ಯೋಜನೆಯ ಆಶ್ರಯದಲ್ಲಿ ಹಲವು ಉಪಯೋಜನೆಗಳಿದ್ದವು. ಪ್ರತಿಯೊಂದಕ್ಕೂ ತನ್ನದೇ ಆದ ಆಂಟ್ ಕಡತವಿದ್ದು, ಅವೆಲ್ಲ ಒಂದಕ್ಕೊಂದು ಅಲ್ಪಸ್ವಲ್ಪ ಭಿನ್ನವಾಗಿದ್ದವು. ಈ ಗೊಂದಲವನ್ನು ಸರಳಗೊಳಿಸುವ ಪ್ರಯತ್ನವಾಗಿಯೇ ಮೇವನ್ ಹುಟ್ಟಿತು. ಅದರ ಮೊದಲ ಪೂರ್ಣ ಆವೃತ್ತಿ 2004ರ ಜುಲೈನಲ್ಲಿ, ಇಂದಿಗೂ ಬಳಕೆಯಲ್ಲಿರುವ ಸ್ವರೂಪಕ್ಕೆ ಬುನಾದಿಯಾದ ಎರಡನೆಯ ಆವೃತ್ತಿ 2005ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದವು.

ಮೇವನ್ ಪದ್ಧತಿಯಲ್ಲಿ ಪ್ರತಿಯೊಂದು ಮಾಡ್ಯೂಲಿಗೂ ಪಾಮ್ ಎಂಬ ಒಂದು ವಿವರ ಕಡತವಿರುತ್ತದೆ. ಅವುಗಳಿಗೆಲ್ಲ ಹಿರಿಯನಂತೆ ಪೇರೆಂಟ್ ಪಾಮ್ ಎಂಬ ಇನ್ನೊಂದು ಕಡತವಿರಬಹುದು. ಎಲ್ಲ ಮಾಡ್ಯೂಲ್‌ಗಳಿಗೂ ಸಮಾನವಾದ ನಿಯಮಗಳನ್ನು ಹಿರಿಯ ಕಡತದಲ್ಲಿ ಒಮ್ಮೆ ಬರೆದರೆ ಸಾಕು, ಕಿರಿಯ ಕಡತಗಳಿಗೆ ಅವು ತಾವಾಗಿಯೇ ಬರುತ್ತವೆ. ಕಿರಿಯ ಕಡತದಲ್ಲಿ ಆಯಾ ಮಾಡ್ಯೂಲಿನ ಹೆಸರು ಮತ್ತು ವಿಶೇಷ ಅಗತ್ಯಗಳು ಮಾತ್ರ ಉಳಿಯುತ್ತವೆ. ಲೈಬ್ರರಿಗಳ ಆವೃತ್ತಿಗೂ ಇದೇ ವ್ಯವಸ್ಥೆ. ಯಾವ ಲೈಬ್ರರಿ ಬೇಕೆಂದು ಕಿರಿಯ ಕಡತ ಹೇಳುತ್ತದೆ, ಎಷ್ಟನೆಯ ಆವೃತ್ತಿ ಎಂಬುದನ್ನು ಹಿರಿಯ ಕಡತ ನಿರ್ಧರಿಸುತ್ತದೆ. 2008ರಲ್ಲಿ ಬಂದ 2.0.9 ಆವೃತ್ತಿಯಿಂದ ಈ ಆವೃತ್ತಿಗಳ ಪಟ್ಟಿಯನ್ನು ಪ್ರತ್ಯೇಕ ಕಡತವಾಗಿಸಿ, ಬೇಕಾದ ಯೋಜನೆಗಳೆಲ್ಲ ಆಮದು ಮಾಡಿಕೊಳ್ಳುವ ಸೌಲಭ್ಯವೂ ದೊರೆಯಿತು. ಆ ಪಟ್ಟಿಗೆ ತಂತ್ರಜ್ಞರು ಇಟ್ಟ ಹೆಸರು ಬಿಲ್ ಆಫ್ ಮೆಟೀರಿಯಲ್ಸ್. ಕಾರ್ಖಾನೆಯವರಿಗೆ ಚಿರಪರಿಚಿತವಾದ ಮಾತನ್ನೇ ತಂತ್ರಾಂಶದವರು ಎರವಲು ಪಡೆದಿರುವುದು ಗಮನಾರ್ಹ.

ಇಲ್ಲಿ ಅನೇಕ ತಂಡಗಳು ಎಡವುವ ಒಂದು ಸೂಕ್ಷ್ಮವಿದೆ. ಅಂತಿಮ ಕಟ್ಟಿನಲ್ಲಿ ಯಾವ ಕಡತ ಎಲ್ಲಿರಬೇಕೆಂದು ತಿಳಿಸುವ ಪಟ್ಟಿಯನ್ನು ಮೇವನ್‌ನಲ್ಲಿ ಅಸೆಂಬ್ಲಿ ಡಿಸ್ಕ್ರಿಪ್ಟರ್ ಎನ್ನುತ್ತಾರೆ. ಈ ಪಟ್ಟಿಯನ್ನು ಹಿರಿಯ ಕಡತದ ಪಕ್ಕದಲ್ಲಿಟ್ಟು, ಫೋಲ್ಡರಿನ ವಿಳಾಸವನ್ನು ಅಲ್ಲಿ ಬರೆದರೆ ಸಾಕೆಂದು ಭಾವಿಸುವುದುಂಟು. ಆದರೆ ಆ ವಿಳಾಸ ಕಿರಿಯ ಮಾಡ್ಯೂಲಿಗೆ ಬಂದಾಗ ಅದರದೇ ಫೋಲ್ಡರಿನಿಂದ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಅಂಥ ಪಟ್ಟಿ ಇರುವುದಿಲ್ಲ, ಕೆಲಸ ನಿಲ್ಲುತ್ತದೆ. ಆಗ ಬೇಸತ್ತ ತಂಡ ಪಟ್ಟಿಯನ್ನು ಪ್ರತಿ ಮಾಡ್ಯೂಲಿಗೂ ನಕಲು ಮಾಡಿ ಹಳೆಯ ಚಾಳಿಗೆ ಮರಳುತ್ತದೆ. ಮೇವನ್ ರಚನಕಾರರು ಸೂಚಿಸುವ ಪರಿಹಾರ ಬೇರೆ. ಪಟ್ಟಿಗಳನ್ನೇ ಒಂದು ಪುಟ್ಟ ಮಾಡ್ಯೂಲ್ ಆಗಿ ಕಟ್ಟಿ, ಆವೃತ್ತಿ ಸಂಖ್ಯೆ ನೀಡಿ ಪ್ರಕಟಿಸಬೇಕು. ಕಟ್ಟುವ ಸಾಧನಕ್ಕೆ ಅದು ಅವಶ್ಯಕವೆಂದು ಹಿರಿಯ ಕಡತದಲ್ಲಿ ಘೋಷಿಸಬೇಕು. ಆ ಬಳಿಕ ಪ್ರತಿಯೊಂದು ಮಾಡ್ಯೂಲೂ ಫೋಲ್ಡರಿನ ವಿಳಾಸ ಹುಡುಕದೆ ಪಟ್ಟಿಯನ್ನು ಹೆಸರು ಹಿಡಿದು ಕರೆಯುತ್ತದೆ. ಹೀಗೆ ಪ್ಯಾಕಿಂಗ್ ನಿಯಮವೇ ಹೆಸರು, ಸಂಖ್ಯೆ, ಇತಿಹಾಸಗಳುಳ್ಳ ಒಂದು ಸರಕಾಗುತ್ತದೆ. ಗ್ರೇಡಲ್ ಮೊದಲಾದ ಇತರ ಸಾಧನಗಳಲ್ಲಿ ವಿಧಾನ ಬೇರೆಯಾದರೂ ತತ್ತ್ವ ಇದೇ.

2021ರ ಡಿಸೆಂಬರ್ ಕಲಿಸಿದ ಪಾಠ

ಈ ಶಿಸ್ತಿನ ಬೆಲೆ ತಿಳಿದದ್ದು 2021ರ ಡಿಸೆಂಬರ್‌ನಲ್ಲಿ. ಜಾವಾ ತಂತ್ರಾಂಶಗಳು ತಮ್ಮ ಚಟುವಟಿಕೆಯ ದಾಖಲೆ ಬರೆದಿಡಲು ಬಳಸುವ ಲಾಗ್4ಜೆ ಎಂಬ ಲೈಬ್ರರಿಯಲ್ಲಿ ಗಂಭೀರ ಲೋಪವೊಂದು ಬಯಲಾಯಿತು. ವಿಶಿಷ್ಟವಾಗಿ ರಚಿಸಿದ ಒಂದು ಸಾಲು ದಾಖಲೆಗೆ ಹೋಗುವಂತೆ ಮಾಡಿದರೆ ಸಾಕು, ದೂರದಲ್ಲಿ ಕುಳಿತವರು ಆ ಗಣಕಯಂತ್ರದಲ್ಲಿ ತಮಗೆ ಬೇಕಾದ ಆಜ್ಞೆಗಳನ್ನು ನಡೆಸಬಹುದಾಗಿತ್ತು. ತೀವ್ರತೆಯ ಅಳತೆಗೋಲಿನಲ್ಲಿ ಅದಕ್ಕೆ 10ಕ್ಕೆ 10 ಅಂಕ ದೊರೆಯಿತು. ಪರಿಹಾರವಾಗಿ ಬಂದ 2.15.0 ಆವೃತ್ತಿ ಸಾಲದೆ 2.16.0, ಬಳಿಕ 2.17.0, ತಿಂಗಳು ಮುಗಿಯುವ ಮುನ್ನ 2.17.1 ಹೀಗೆ ಒಂದರ ಹಿಂದೊಂದು ತಿದ್ದುಪಡಿಗಳು ಬಂದವು.

ಲೈಬ್ರರಿಯ ಆವೃತ್ತಿಯನ್ನು ಹಿರಿಯ ಕಡತದಲ್ಲಿ ಒಂದೇ ಕಡೆ ಬರೆದಿಟ್ಟಿದ್ದ ಸಂಸ್ಥೆ ಪ್ರತಿ ಬಾರಿಯೂ ಒಂದು ಸಾಲು ತಿದ್ದಿ, ಎಲ್ಲ ಮಾಡ್ಯೂಲ್‌ಗಳನ್ನು ಮತ್ತೆ ಕಟ್ಟಿ, ಪರೀಕ್ಷಿಸಿ ಕಳುಹಿಸಬಹುದಾಗಿತ್ತು. ಬೇರೆ ಲೈಬ್ರರಿಗಳ ಬೆನ್ನಿಗಂಟಿ ಒಳಗೆ ಬರುವ ಪ್ರತಿಗಳಿಗೂ ಹಿರಿಯ ಕಡತದ ಆವೃತ್ತಿಯೇ ಅನ್ವಯಿಸುವುದು ಇನ್ನೊಂದು ಅನುಕೂಲ. ಎಂಟು ಮಾಡ್ಯೂಲ್‌ಗಳಿಗೆ ಎಂಟು ಸ್ವತಂತ್ರ ಕಡತಗಳಿದ್ದ ಸಂಸ್ಥೆಗೆ ನಾಲ್ಕು ಬಾರಿಗೆ 32 ತಿದ್ದುಪಡಿಗಳಾದವು. ಅದಕ್ಕೂ ಮೊದಲು ಆ ಲೈಬ್ರರಿ ಎಲ್ಲೆಲ್ಲಿ ಅಡಗಿದೆಯೆಂದು ಹುಡುಕುವ ಕೆಲಸವಿತ್ತು. ಇದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ. ಆ ಅವಧಿಯಲ್ಲಿ ಅಪಾಯಕ್ಕೆ ಒಡ್ಡಿಕೊಂಡಿದ್ದುದು ಗ್ರಾಹಕರ ಖಾತೆ, ದರಪಟ್ಟಿ ಮತ್ತು ವ್ಯವಹಾರದ ಗುಟ್ಟುಗಳೆಂಬುದನ್ನು ಮರೆಯುವಂತಿಲ್ಲ.

ಅತಿಯಾಗದಿರಲಿ

ಈ ಪದ್ಧತಿಗೆ ಆಕ್ಷೇಪಗಳೂ ಇವೆ, ಅವುಗಳಲ್ಲಿ ತಥ್ಯವೂ ಇದೆ. ಎಲ್ಲ ನಿಯಮ ಒಂದೇ ಕಡೆ ಇದ್ದರೆ ಅಲ್ಲಿ ಆಗುವ ಒಂದು ತಪ್ಪು ಎಲ್ಲ ಮಾಡ್ಯೂಲ್‌ಗಳಿಗೂ ಹರಡುತ್ತದೆ ಎಂಬುದು ಮೊದಲ ಆಕ್ಷೇಪ. ಇದು ನಿಜ. ಇದಕ್ಕೆ ಉತ್ತರ ಆವೃತ್ತಿ ಸಂಖ್ಯೆಯಲ್ಲಿದೆ. ಮೇವನ್‌ನಲ್ಲಿ ಕಿರಿಯ ಕಡತವು ತನ್ನ ಹಿರಿಯ ಕಡತದ ಎಷ್ಟನೆಯ ಆವೃತ್ತಿಯನ್ನು ಅನುಸರಿಸುತ್ತದೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸುತ್ತದೆ. ಹಿರಿಯ ಕಡತವನ್ನು ಪ್ರತ್ಯೇಕವಾಗಿ ಪ್ರಕಟಿಸಿದ್ದರೆ, ಹೊಸ ಆವೃತ್ತಿಯನ್ನು ಮೊದಲು ಒಂದು ಮಾಡ್ಯೂಲಿನಲ್ಲಿ ಪರೀಕ್ಷಿಸಿ, ಸರಿಯೆನಿಸಿದ ಮೇಲೆ ಉಳಿದವುಗಳಿಗೆ ವಿಸ್ತರಿಸಬಹುದು. ತಪ್ಪು ಕಂಡರೆ ಹಿಂದಿನ ಸಂಖ್ಯೆಗೆ ಮರಳಬಹುದು. ಹೊಸ ಡೈಯನ್ನು ಒಂದು ಪ್ರೆಸ್ಸಿನಲ್ಲಿ ಪರೀಕ್ಷಿಸಿಯೇ ಪೂರ್ಣ ಉತ್ಪಾದನೆಗೆ ಇಳಿಸುವುದಲ್ಲವೇ?

ಹಿರಿಯ ಕಡತ ಕಾಲಕ್ರಮೇಣ ಹಳೆಯ ಸಾಮಾನು ತುಂಬಿದ ಅಟ್ಟವಾಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಒಂದು ಮಾಡ್ಯೂಲಿಗೆ ಮಾತ್ರ ಬೇಕಾದ ನಿಯಮವನ್ನೂ ಅಲ್ಲಿಯೇ ತುರುಕುತ್ತ ಹೋದರೆ ಸಂಬಳದ ಮಾಡ್ಯೂಲಿನ ಕಟ್ಟಿನಲ್ಲಿ ಬಾರ್‌ಕೋಡ್ ಲೈಬ್ರರಿ ಸೇರಿಕೊಳ್ಳುತ್ತದೆ. ಕಟ್ಟು ದಪ್ಪವಾಗುತ್ತದೆ, ಕೆಲಸ ನಿಧಾನವಾಗುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ. ಎಲ್ಲ ಮಾಡ್ಯೂಲ್‌ಗಳಿಗೂ ನಿಜವಾಗಿ ಸಮಾನವಾದ ವಿಷಯಗಳು ಮಾತ್ರ ಹಿರಿಯ ಕಡತದಲ್ಲಿರಬೇಕು. ವಿನಾಯಿತಿಗಳು ಆಯಾ ಮಾಡ್ಯೂಲಿನ ಕಡತದಲ್ಲಿ, ಕಾರಣದ ಸಮೇತ ಇರಬೇಕು. ಎರಡೇ ಮಾಡ್ಯೂಲ್‌ಗಳ ಸಣ್ಣ ತಂತ್ರಾಂಶಕ್ಕೆ ಇಷ್ಟೆಲ್ಲ ವ್ಯವಸ್ಥೆ ಬೇಕಾಗುವುದಿಲ್ಲ. ಮೂರನೆಯ ನಕಲು ಮಾಡುವ ಸಂದರ್ಭ ಬಂದಾಗ ಈ ಕುರಿತು ಯೋಚಿಸುವುದು ವಿವೇಕ.

ಮೂರನೆಯದು ಖರ್ಚಿನ ಮಾತು. ಹಳೆಯ ಕಡತಗಳನ್ನು ಹೋಲಿಸಿ, ಸಾಮಾನ್ಯ ಅಂಶಗಳನ್ನು ಬೇರ್ಪಡಿಸಲು ಅನುಭವಿಗಳ ಸಮಯ ಬೇಕು. ಆ ಕೆಲಸದಿಂದ ಗ್ರಾಹಕನಿಗೆ ಹೊಸ ಸೌಲಭ್ಯವೇನೂ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಬಿಲ್ ಮಾಡುವುದೂ ಕಷ್ಟ. ಸಣ್ಣ ತಂತ್ರಾಂಶ ಸಂಸ್ಥೆಗಳು ಇದನ್ನು ಮುಂದೂಡುತ್ತ ಬರುವುದು ಇದೇ ಕಾರಣಕ್ಕೆ. ಗ್ರಾಹಕನೇ ಕೇಳತೊಡಗಿದರೆ ಮಾತ್ರ ಈ ಸ್ಥಿತಿ ಬದಲಾದೀತು.

ಕೊಳ್ಳುವವರ ಹೊಣೆ

ವ್ಯಾಪಾರಿಯಾಗಲಿ ತಯಾರಕನಾಗಲಿ ತಂತ್ರಾಂಶ ತಜ್ಞನಾಗಬೇಕಿಲ್ಲ. ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು. ಮೊದಲನೆಯದಾಗಿ, ಎಲ್ಲ ಮಾಡ್ಯೂಲ್‌ಗಳ ಬಿಲ್ಡ್ ಮತ್ತು ಪ್ಯಾಕಿಂಗ್ ನಿಯಮ ಒಂದೇ ಕಡೆ ಇದೆಯೇ, ಅದಕ್ಕೆ ಆವೃತ್ತಿ ಸಂಖ್ಯೆ ಇದೆಯೇ? ಎರಡನೆಯದಾಗಿ, ಅದನ್ನು ಬದಲಿಸುವ ಅಧಿಕಾರ ಯಾರಿಗಿದೆ, ಅವರು ಕೆಲಸ ಬಿಟ್ಟರೆ ಮುಂದೇನು? ಮೂರನೆಯದಾಗಿ, ಏನೂ ಇಲ್ಲದ ಹೊಸ ಗಣಕಯಂತ್ರದಲ್ಲಿ ಮೂಲ ಬರಹದಿಂದ ಆರಂಭಿಸಿ ಪೂರ್ಣ ಕಟ್ಟನ್ನು ಗ್ರಾಹಕನ ಎದುರಿನಲ್ಲಿಯೇ ಸಿದ್ಧಪಡಿಸಿ ತೋರಿಸಬಲ್ಲರೇ? ನಾಲ್ಕನೆಯದಾಗಿ, ಒಳಗೆ ಬಳಸಿರುವ ಲೈಬ್ರರಿಗಳು ಮತ್ತು ಆವೃತ್ತಿಗಳ ಪಟ್ಟಿಯನ್ನು ಪ್ರತಿ ಬಿಡುಗಡೆಯೊಂದಿಗೆ ಕೊಡುವರೇ?

ಹಣ ಕೊಟ್ಟು ತಂತ್ರಾಂಶ ಬರೆಸಿಕೊಳ್ಳುವವರು ಒಪ್ಪಂದದಲ್ಲಿ ಸೋರ್ಸ್ ಕೋಡ್ ತಮಗೆ ಸೇರಬೇಕೆಂದು ಬರೆಸುವುದುಂಟು. ಬಿಲ್ಡ್ ನಿಯಮಗಳೂ ಸೇರಬೇಕೆಂದು ಬರೆಸುವುದು ಅಪರೂಪ. ಬಿಲ್ಡ್ ಕಡತವಿಲ್ಲದ ಸೋರ್ಸ್ ಕೋಡ್ ಜೋಡಣೆಯ ಡ್ರಾಯಿಂಗ್ ಇಲ್ಲದ ಬಿಡಿಭಾಗಗಳ ರಾಶಿಯಿದ್ದಂತೆ. ಹಳೆಯ ಸಂಸ್ಥೆಯ ಸಹವಾಸ ಬಿಟ್ಟು ಹೊಸಬರ ಬಳಿ ಹೋಗಬೇಕಾದ ದಿನ ಇದರ ನಷ್ಟ ಅರಿವಾಗುತ್ತದೆ.

ತಯಾರಕರಿಗೆ ಇನ್ನೊಂದು ಕಾರಣವೂ ಇದೆ. ಐರೋಪ್ಯ ಒಕ್ಕೂಟದ ಸೈಬರ್ ರೆಸಿಲಿಯೆನ್ಸ್ ಕಾಯ್ದೆಯು 2024ರ ಡಿಸೆಂಬರ್ 10ರಂದು ಜಾರಿಗೆ ಬಂದಿದೆ. ಅದರ ಮುಖ್ಯ ಕರ್ತವ್ಯಗಳು ಅನ್ವಯವಾಗಲು ಕಾಯ್ದೆಯು 2027ರ ಡಿಸೆಂಬರ್ 11ರ ದಿನಾಂಕವನ್ನು ನಿಗದಿಪಡಿಸಿದೆ. ತಂತ್ರಾಂಶವನ್ನು ಒಳಗೊಂಡ ಉತ್ಪನ್ನಗಳನ್ನು ಅಲ್ಲಿ ಮಾರುವವರು ತಂತ್ರಾಂಶದ ಬಿಲ್ ಆಫ್ ಮೆಟೀರಿಯಲ್ಸ್ ಸಿದ್ಧಪಡಿಸಿ ಇಟ್ಟುಕೊಳ್ಳಬೇಕು. ಭಾರತದಲ್ಲಿಯೂ ಸೈಬರ್ ಸುರಕ್ಷತೆಯ ಹೊಣೆ ಹೊತ್ತ ಸರ್ಟ್-ಇನ್ ಸಂಸ್ಥೆ 2024ರಲ್ಲಿ ಈ ಪಟ್ಟಿಯ ಕುರಿತು ಮಾರ್ಗಸೂಚಿ ಹೊರಡಿಸಿದೆ. ಪೀಣ್ಯದಿಂದಲೋ ಬೆಳಗಾವಿಯಿಂದಲೋ ಯೂರೋಪಿಗೆ ಯಂತ್ರ ಕಳುಹಿಸುವ ಸಣ್ಣ ತಯಾರಕರು, ಯಂತ್ರದೊಳಗಿನ ನಿಯಂತ್ರಕದ ತಂತ್ರಾಂಶವನ್ನು ಹೊರಗಿನವರಿಂದ ಬರೆಸಿದ್ದರೂ ಈ ಪ್ರಶ್ನೆಗೆ ಉತ್ತರಿಸಬೇಕಾದೀತು. ಅಂಥ ತಂತ್ರಾಂಶದ ಭಾಷೆ ಜಾವಾ ಆಗಿರಲಾರದು, ಸಾಧನ ಮೇವನ್ ಆಗಿರಲಾರದು. ಆದರೂ ನಿಯಮ ಒಂದೇ ಕಡೆ ಇದ್ದವರಿಗೆ ಪಟ್ಟಿ ಯಂತ್ರದಿಂದಲೇ ದೊರೆಯುತ್ತದೆ. ಹತ್ತು ಕಡೆ ಚದುರಿದವರು ಕೈಯಿಂದ ಬರೆಯಬೇಕಾಗುತ್ತದೆ, ಬರೆದುದು ಸರಿಯೆಂದು ಸಾಧಿಸುವುದೂ ಕಷ್ಟವಾಗುತ್ತದೆ.

ತೆರಿಗೆ ದರಗಳು ಮತ್ತೆ ಬದಲಾಗುತ್ತವೆ, ಲೈಬ್ರರಿಗಳಲ್ಲಿ ಮತ್ತೆ ಲೋಪಗಳು ಕಾಣಿಸುತ್ತವೆ. ಮುಂದಿನ ಬಾರಿಯೂ 19 ದಿನಗಳ ಅವಕಾಶ ಸಿಕ್ಕೀತೆಂಬ ಭರವಸೆ ಇಲ್ಲ. ತಂತ್ರಾಂಶದ ವಾರ್ಷಿಕ ನಿರ್ವಹಣಾ ಒಪ್ಪಂದ ನವೀಕರಣಕ್ಕೆ ಬಂದಾಗ ಮೊತ್ತದ ಚೌಕಾಸಿಯ ಜೊತೆಗೆ ಈ ನಾಲ್ಕು ಪ್ರಶ್ನೆಗಳನ್ನೂ ಮೇಜಿನ ಮೇಲಿಡುವುದು ಉದ್ಯಮಿಗಳಿಗೆ ಲೇಸು. ತೃಪ್ತಿಕರ ಉತ್ತರ ಬಾರದಿದ್ದರೆ, ಸಮಾನ ಬಿಲ್ಡ್ ವ್ಯವಸ್ಥೆಯನ್ನು ರೂಪಿಸಲು ತಗಲುವ ನ್ಯಾಯವಾದ ವೆಚ್ಚ ಮತ್ತು ಗಡುವನ್ನು ಒಪ್ಪಂದದಲ್ಲಿಯೇ ಸೇರಿಸಿಕೊಳ್ಳಬಹುದು. ದರ ಬದಲಾದ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು, ಬಿಲ್ ಹಾಕಲಾಗದೆ ಗಿರಾಕಿಗಳನ್ನು ನಿಲ್ಲಿಸಿಕೊಳ್ಳುವ ನಷ್ಟಕ್ಕೆ ಹೋಲಿಸಿದರೆ ಆ ವೆಚ್ಚ ದೊಡ್ಡದಲ್ಲ.